ಟೂಪಾಕ್ ‘ಗ್ರೇಟೆಸ್ಟ್ ಹಿಟ್ಸ್’: ತಾರೀಖು ಹಾಕಿ ಕೇಳಿದ್ರೆ ಬೇರೆಯೇ ಕಥೆ

ಭಾಗ 1/8: 25 ಹಾಡು, 25 ವರ್ಷ

ಫ್ರೆಂಡ್ಸ್, ಈ ಸಲದ ಹಿಸ್ಟರಿ ಸೀರೀಸ್ ಒಂದು ಆಲ್ಬಮ್ ಬಗ್ಗೆ. ಎಂಟು ಪೋಸ್ಟ್ ಇದೆ. ನಿಧಾನಕ್ಕೆ ಓದಿ, ಬಸ್ಸಲ್ಲಿ ಕೂತಾಗ ಓದಿದ್ರೂ ಸಾಕು.

1998ರ ನವೆಂಬರ್ 24ರಂದು ಅಮೆರಿಕದಲ್ಲಿ ಟೂಪಾಕ್ ಶಕೂರ್ ಹೆಸರಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ ಬಂತು. ಎರಡು ಸಿಡಿ, ಒಟ್ಟು 25 ಹಾಡು. ಹಾಡಿದವನು ಸತ್ತು ಆಗಲೇ ಎರಡು ವರ್ಷ ಆಗಿತ್ತು. ಸಾಯುವಾಗ ಅವನ ವಯಸ್ಸೂ 25. ಮೊದಲ ಆಲ್ಬಮ್ ಬಂದದ್ದು 1991ರ ನವೆಂಬರ್‌ನಲ್ಲಿ, ಸತ್ತದ್ದು 1996ರ ಸೆಪ್ಟೆಂಬರ್‌ನಲ್ಲಿ. ಅಂದ್ರೆ ಇಡೀ ಕೆರಿಯರ್ ಐದು ವರ್ಷಕ್ಕೂ ಕಮ್ಮಿ. ನಾವು ಪಿಯುಸಿ, ಡಿಗ್ರಿ ಮುಗಿಸೋಕೆ ತಗೊಳ್ಳೋ ಟೈಮು ಅಷ್ಟೇ.

ನಮ್ಮ ವಯಸ್ಸಿನವರಿಗೆ ಟೂಪಾಕ್ ಗೊತ್ತಾಗಿರೋದು ಹೆಚ್ಚಾಗಿ ಈ ಆಲ್ಬಮ್ಮಿಂದ, ಇಲ್ಲಾ ಇದರ ಥರಾನೇ ಮಾಡಿದ ಪ್ಲೇಲಿಸ್ಟ್‌ನಿಂದ. ತಲೆಗೆ ಬಂಡಾನ ಕಟ್ಟಿದ ಆ ಫೋಟೋ ಟೀ ಶರ್ಟ್ ಮೇಲೂ ಇದೆ, ಹಾಸ್ಟೆಲ್ ಗೋಡೆ ಮೇಲೂ ಇದೆ.

ಆದ್ರೆ ಈ ಆಲ್ಬಮ್‌ನಲ್ಲಿ ಒಂದು ವಿಷಯ ಗಮನಿಸಿ. ಹಾಡುಗಳು ವರ್ಷದ ಪ್ರಕಾರ ಇಲ್ಲ. ಮೊದಲನೇ ಹಾಡು 1993ರದ್ದು, ಎರಡನೇದು 1996ರದ್ದು, ಮೂರನೇದು 1995ರದ್ದು. ಅವನ ಮೊದಲ ಆಲ್ಬಮ್ಮಿನ ‘ಟ್ರ್ಯಾಪ್ಡ್’ ಬರೋದು ಹತ್ತನೇ ಜಾಗದಲ್ಲಿ.

ಬಿಕಾಂ ಹುಡುಗರಿಗೆ ಇದು ಬೇಗ ಅರ್ಥ ಆಗುತ್ತೆ. ಜರ್ನಲ್ ಎಂಟ್ರಿ ಬರೆಯುವಾಗ ಮೊದಲ ಕಾಲಂ ಯಾವುದು? ತಾರೀಖು. ಮೊತ್ತ ಎಲ್ಲಾ ಸರಿ ಇದ್ದು ತಾರೀಖು ಇಲ್ಲ ಅಂದ್ರೆ ಆ ಪುಸ್ತಕದಿಂದ ಏನು ನಡೀತು ಅಂತ ಹೇಳೋಕಾಗಲ್ಲ. ಈ ಸೀರೀಸ್‌ನಲ್ಲಿ ನಾನು ಮಾಡ್ತಿರೋದು ಇಷ್ಟೇ: 25 ಹಾಡಿಗೆ ತಾರೀಖು ವಾಪಸ್ ಹಾಕಿ ನೋಡೋದು. ಹಾಕಿದ್ಮೇಲೆ ಸಿಗೋ ಮನುಷ್ಯ ಪೋಸ್ಟರ್‌ನಲ್ಲಿ ಇರೋನಲ್ಲ.

ಭಾಗ 2/8: 1971ರಿಂದ 1992

ಕಥೆ ಶುರುವಾಗೋದು ಅಮ್ಮನಿಂದ. ಅಫೇನಿ ಶಕೂರ್ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯ ಕಾರ್ಯಕರ್ತೆ. 1969ರಲ್ಲಿ ನ್ಯೂಯಾರ್ಕ್‌ನಲ್ಲಿ 21 ಪ್ಯಾಂಥರ್‌ಗಳ ಮೇಲೆ ಸ್ಫೋಟದ ಸಂಚಿನ ಕೇಸ್ ಹಾಕಿದಾಗ ಅದರಲ್ಲಿ ಆಕೆಯೂ ಒಬ್ಬರು. ವಕೀಲರನ್ನ ಇಟ್ಟುಕೊಳ್ಳದೆ ತಮ್ಮ ಪರವಾಗಿ ತಾವೇ ವಾದ ಮಾಡಿದರು, ಅದೂ ಗರ್ಭಿಣಿಯಾಗಿ ಜೈಲಲ್ಲಿದ್ದುಕೊಂಡು. 1971ರ ಮೇನಲ್ಲಿ ಎಲ್ಲರೂ ನಿರ್ದೋಷಿ ಅಂತ ತೀರ್ಪು ಬಂತು. ಜೂನ್ 16ಕ್ಕೆ ಮಗ ಹುಟ್ಟಿದ. ಸ್ಪೇನ್ ಆಳ್ವಿಕೆ ವಿರುದ್ಧ ದಂಗೆ ಎದ್ದ ಪೆರು ದೇಶದ ಮೂಲನಿವಾಸಿ ನಾಯಕ ಟೂಪಾಕ್ ಅಮಾರು ಹೆಸರೇ ಅವನಿಗೆ ಬಂತು.

ನ್ಯೂಯಾರ್ಕ್‌ನ ಬಡತನ, ಆಮೇಲೆ ಬಾಲ್ಟಿಮೋರ್. ಅಲ್ಲಿ ಕಲಾ ಶಾಲೆಯಲ್ಲಿ ನಾಟಕ, ಕವನ, ಬ್ಯಾಲೆ. 1988ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಸಿಟಿಗೆ ಬಂದರು. ಅಷ್ಟೊತ್ತಿಗೆ ಅಮ್ಮ ಕ್ರ್ಯಾಕ್ ಕೊಕೇನ್ ಚಟಕ್ಕೆ ಬಿದ್ದಿದ್ದರು. ಹುಡುಗ ‘ಡಿಜಿಟಲ್ ಅಂಡರ್‌ಗ್ರೌಂಡ್’ ಅನ್ನೋ ತಂಡದಲ್ಲಿ ಸಾಮಾನು ಹೊರೋನಾಗಿ, ಡ್ಯಾನ್ಸರ್ ಆಗಿ ಸೇರಿಕೊಂಡ.

1991ರಲ್ಲಿ ಮೊದಲ ಆಲ್ಬಮ್ ‘ಟೂಪಾಕಲಿಪ್ಸ್ ನೌ’. ಅದರಿಂದ ‘ಗ್ರೇಟೆಸ್ಟ್ ಹಿಟ್ಸ್’ಗೆ ಬಂದಿರೋದು ಎರಡೇ ಹಾಡು. ‘ಟ್ರ್ಯಾಪ್ಡ್’ ಪೊಲೀಸರ ದೌರ್ಜನ್ಯದ ಬಗ್ಗೆ. ‘ಬ್ರೆಂಡಾಸ್ ಗಾಟ್ ಎ ಬೇಬಿ’ ಹನ್ನೆರಡು ವರ್ಷದ ಹುಡುಗಿ ಬಸುರಿಯಾಗಿ ಬೀದಿಗೆ ಬೀಳೋ ಕಥೆ. ‘ಜ್ಯೂಸ್’ ಸಿನಿಮಾ ಶೂಟಿಂಗ್ ಟೈಮಲ್ಲಿ ಪೇಪರ್‌ನಲ್ಲಿ ಓದಿದ ಒಂದು ನಿಜ ಘಟನೆಯಿಂದ ಬರೆದದ್ದು. ಆಗ ಅವನಿಗೆ 20. ಇಲ್ಲಿ ತಾನು ದೊಡ್ಡ ಡಾನ್ ಅಂತ ಎಲ್ಲೂ ಹೇಳಿಕೊಳ್ಳಲ್ಲ. ತನ್ನ ಬೀದಿಯಲ್ಲಿ ಏನಾಗ್ತಿದೆ ಅಂತ ವರದಿ ಕೊಡ್ತಾನೆ, ಅಷ್ಟೇ.

1992ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆ ಆಯ್ತು. ಆರೋಪಿ ಓಡಿಸ್ತಿದ್ದ ಗಾಡಿಯಲ್ಲಿ ಈ ಆಲ್ಬಮ್ಮಿನ ಕ್ಯಾಸೆಟ್ ಇತ್ತು. ಆಗಿನ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಇಂಥ ರೆಕಾರ್ಡಿಗೆ ಸಮಾಜದಲ್ಲಿ ಜಾಗವೇ ಇಲ್ಲ ಅನ್ನೋ ಅರ್ಥದಲ್ಲಿ ಬಹಿರಂಗವಾಗಿ ಮಾತಾಡಿದರು. ಒಂದೇ ಆಲ್ಬಮ್ ಮಾಡಿದ ಹುಡುಗನ ಬಗ್ಗೆ ದೇಶದ ಉಪಾಧ್ಯಕ್ಷರೇ ಮಾತಾಡಿದರು ನೋಡಿ!

ಭಾಗ 3/8: 1993, ಒಂದೇ ವರ್ಷದ ಎರಡು ತಾರೀಖು

ಈ ಪೋಸ್ಟ್ ಸ್ವಲ್ಪ ಭಾರ ಇದೆ. ಬಿಟ್ಟು ಮುಂದೆ ಹೋಗಬೇಡಿ.

‘ಗ್ರೇಟೆಸ್ಟ್ ಹಿಟ್ಸ್’ನ ಮೊದಲನೇ ಹಾಡು ‘ಕೀಪ್ ಯಾ ಹೆಡ್ ಅಪ್’. ಬಡ ಕಪ್ಪು ಹೆಣ್ಣುಮಕ್ಕಳಿಗೆ ಧೈರ್ಯ ಹೇಳೋ ಹಾಡು. ಹೆಣ್ಣನ್ನ ಯಾಕೆ ಹಿಂಸೆ ಮಾಡ್ತೀವಿ ಅಂತ ಗಂಡಸರನ್ನೇ ಕೇಳುತ್ತೆ. ಅದನ್ನ ಲತಾಶಾ ಹಾರ್ಲಿನ್ಸ್ ನೆನಪಿಗೆ ಅರ್ಪಿಸಿದ್ದ. ಲತಾಶಾ ಲಾಸ್ ಏಂಜಲೀಸ್‌ನ ಹದಿನೈದು ವರ್ಷದ ಹುಡುಗಿ. 1991ರ ಮಾರ್ಚ್ 16ರಂದು ಅಂಗಡಿಯಲ್ಲಿ 1.79 ಡಾಲರ್ ಬೆಲೆಯ ಒಂದು ಬಾಟಲಿ ಆರೆಂಜ್ ಜ್ಯೂಸ್ ಕದ್ದಳು ಅಂತ ಜಗಳ ಆಗಿ, ಅಂಗಡಿ ಮಾಲಕಿ ಹಿಂದಿನಿಂದ ಗುಂಡು ಹೊಡೆದಳು. ಹುಡುಗಿ ಕೈಯಲ್ಲಿ ದುಡ್ಡು ಇತ್ತು. ಮಾಲಕಿಗೆ ಜೈಲು ಆಗಲಿಲ್ಲ, 500 ಡಾಲರ್ ದಂಡ ಮತ್ತು ಪ್ರೊಬೇಷನ್ ಅಷ್ಟೇ. ಮುಂದಿನ ವರ್ಷ ಲಾಸ್ ಏಂಜಲೀಸ್ ಹೊತ್ತಿ ಉರಿದದ್ದಕ್ಕೆ ಇದೂ ಒಂದು ಕಾರಣ.

ಹಾಡು ಸಿಂಗಲ್ ಆಗಿ ಬಂದದ್ದು 1993ರ ಅಕ್ಟೋಬರ್ ಕೊನೆಯಲ್ಲಿ.

ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹೋಟೆಲ್ ರೂಮಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೀತು ಅಂತ 19 ವರ್ಷದ ಯುವತಿ ದೂರು ಕೊಟ್ಟಳು. ಟೂಪಾಕ್ ಅರೆಸ್ಟ್ ಆದ. 1994ರ ಡಿಸೆಂಬರ್ 1ರಂದು ಜ್ಯೂರಿ ಅವನನ್ನ ಲೈಂಗಿಕ ದೌರ್ಜನ್ಯದಲ್ಲಿ ತಪ್ಪಿತಸ್ಥ ಅಂತ ಹೇಳಿತು. ಇನ್ನೂ ಗಂಭೀರವಾದ ಆರೋಪಗಳಿಂದ ಬಿಡುಗಡೆ ಆಯ್ತು. ಅವನು ಕೊನೇವರೆಗೂ ನಾನು ಮಾಡಿಲ್ಲ ಅಂತಲೇ ಹೇಳಿದ. ಶಿಕ್ಷೆ ಒಂದೂವರೆಯಿಂದ ನಾಲ್ಕೂವರೆ ವರ್ಷ.

ಮಹಿಳಾ ದಿನದ ಸ್ಟೇಟಸ್‌ಗೆ ಈ ಹಾಡು ಹಾಕೋರನ್ನ ನೋಡಿದ್ದೀನಿ. ಹಾಕಬೇಡಿ ಅಂತ ನಾನು ಹೇಳಲ್ಲ. ಆ ಹಾಡು ಎಷ್ಟೋ ಜನ ತಾಯಂದಿರಿಗೆ ಬಲ ಕೊಟ್ಟಿರೋದೂ ನಿಜ, ಕೋರ್ಟಿನ ತೀರ್ಪೂ ನಿಜ. ಒಂದು ಇನ್ನೊಂದನ್ನ ಅಳಿಸಲ್ಲ. ಆ ದೂರು ಕೊಟ್ಟವಳು ನಮ್ಮ ಕ್ಲಾಸಲ್ಲಿ ಕೂರೋ ವಯಸ್ಸಿನವಳು ಅನ್ನೋದನ್ನ ಮಾತ್ರ ಮರೀಬಾರದು. ಹಿಟ್ಸ್ ಆಲ್ಬಮ್ ಈ ಹಾಡನ್ನ ಎಲ್ಲಕ್ಕಿಂತ ಮುಂದೆ ಇಟ್ಟಿದೆ. ತಾರೀಖು ಇಲ್ಲದೇ ಇದ್ದಾಗ ಪಕ್ಕದಲ್ಲಿದ್ದ ಇನ್ನೊಂದು ತಾರೀಖು ಯಾರಿಗೂ ಕಾಣಲ್ಲ.

ಭಾಗ 4/8: 1995, ಜೈಲಲ್ಲಿದ್ದಾಗ ನಂಬರ್ 1

ತೀರ್ಪಿನ ಹಿಂದಿನ ರಾತ್ರಿ, 1994ರ ನವೆಂಬರ್ 30ರಂದು, ಮ್ಯಾನ್‌ಹ್ಯಾಟನ್‌ನ ಕ್ವಾಡ್ ಸ್ಟುಡಿಯೋ ಲಾಬಿಯಲ್ಲಿ ಅವನ ಮೇಲೆ ಗುಂಡಿನ ದಾಳಿ ಆಯ್ತು. ಮರುದಿನ ವೀಲ್‌ಚೇರ್‌ನಲ್ಲಿ ಕೋರ್ಟಿಗೆ ಬಂದ. ಆ ಕಟ್ಟಡದಲ್ಲೇ ಆವತ್ತು ಇದ್ದ ಹಳೇ ಸ್ನೇಹಿತ ನಟೋರಿಯಸ್ ಬಿ.ಐ.ಜಿ. ಮೇಲೆ ಅವನಿಗೆ ಅನುಮಾನ ಹುಟ್ಟಿದ್ದು ಅಲ್ಲಿಂದ. ಬಿ.ಐ.ಜಿ. ಅದನ್ನ ಒಪ್ಪಲೇ ಇಲ್ಲ.

1995ರ ಮಾರ್ಚ್ 14ರಂದು ‘ಮೀ ಅಗೇನ್‌ಸ್ಟ್ ದ ವರ್ಲ್ಡ್’ ಬಂತು. ಟೂಪಾಕ್ ಒಳಗಿದ್ದ, ಆಲ್ಬಮ್ ಹೊರಗೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ 1 ಆಗಿತ್ತು. ಕೇಸು ನಡೆಯೋ ಟೈಮಲ್ಲೇ ರೆಕಾರ್ಡ್ ಮಾಡಿದ ಹಾಡುಗಳಿವು. ಭಯ, ಸುಸ್ತು, ಸಾವಿನ ಯೋಚನೆ ಎಲ್ಲಾ ಇದೆ.

ಇದರಿಂದ ಹಿಟ್ಸ್ ಆಲ್ಬಮ್‌ಗೆ ನಾಲ್ಕು ಹಾಡು ಹೋಗಿದೆ. ಅದರಲ್ಲಿ ‘ಡಿಯರ್ ಮಾಮಾ’ ಎಲ್ಲರಿಗೂ ಗೊತ್ತು. ಅಮ್ಮನ ಮೇಲಿನ ಹಾಡು ಅಂದ ತಕ್ಷಣ ನಮಗೆ ನೆನಪಾಗೋದು ಅಮ್ಮನನ್ನ ದೇವರು ಮಾಡಿ ಕೂರಿಸೋ ಸಿನಿಮಾ ಹಾಡು. ಇದು ಹಾಗಲ್ಲ. ಅಮ್ಮನ ಚಟ, ಮನೆಯಲ್ಲಿ ನಡೆದ ಜಗಳ, ಅವಳನ್ನ ನೋಡೋಕೂ ಇಷ್ಟವಿಲ್ಲದೆ ಇದ್ದ ದಿನಗಳು ಎಲ್ಲವನ್ನೂ ಹೇಳಿ, ಆಮೇಲೆ ನಿನ್ನ ಋಣ ತೀರಿಸೋಕಾಗಲ್ಲ ಅನ್ನೋ ಮಾತಿಗೆ ಬರ್ತಾನೆ. ಸತ್ಯ ಹೇಳಿದ ಮೇಲೂ ಪ್ರೀತಿ ಉಳಿದಿದೆ, ಅದಕ್ಕೇ ಈ ಹಾಡು ಇವತ್ತಿಗೂ ತಟ್ಟುತ್ತೆ.

2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಾಡನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಅಂದ್ರೆ ದೇಶ ಕಾಪಾಡಿ ಇಡಬೇಕಾದ ಧ್ವನಿ ಅಂತ ಒಪ್ಪಿಕೊಂಡಂಗೆ. 1992ರಲ್ಲಿ ಉಪಾಧ್ಯಕ್ಷರು ಜಾಗ ಇಲ್ಲ ಅಂದಿದ್ದ ಹುಡುಗನಿಗೇ ಸರ್ಕಾರದ ಕಪಾಟಿನಲ್ಲಿ ಜಾಗ ಸಿಕ್ತು.

ಎರಡನೇ ಸಿಡಿಯಲ್ಲಿ ಈ ಹಾಡು ಹತ್ತನೇದು. ಹಿಂದಿನ ಹಾಡು 1996ರ ‘ಟಾಸ್ ಇಟ್ ಅಪ್’, ಮುಂದಿನದು 1996ರ ‘ಆಲ್ ಅಬೌಟ್ ಯು’. ಎರಡೂ ಪಾರ್ಟಿ ಮೂಡ್ ಹಾಡುಗಳು. ಮಧ್ಯದಲ್ಲಿ ಅಮ್ಮ ಸಿಕ್ಕಿಹಾಕಿಕೊಂಡಿದ್ದಾಳೆ.

ಭಾಗ 5/8: ಹನ್ನೊಂದು ತಿಂಗಳು, ಹನ್ನೆರಡು ಹಾಡು

ಈಗ ಕಾಮರ್ಸ್ ಪಾಠ.

ಟೂಪಾಕ್ ಅಪೀಲು ಹಾಕಿದ್ದ, ಜಾಮೀನು 14 ಲಕ್ಷ ಡಾಲರ್. ಅಷ್ಟು ದುಡ್ಡು ಅವನ ಹತ್ರ ಇರಲಿಲ್ಲ. ಡೆತ್ ರೋ ರೆಕಾರ್ಡ್ಸ್ ಮುಖ್ಯಸ್ಥ ಶುಗ್ ನೈಟ್ ಜೈಲಿಗೇ ಬಂದು, ಕೈಯಲ್ಲಿ ಬರೆದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಜಾಮೀನು ಸಿಗುತ್ತೆ, ಬದಲಿಗೆ ಮೂರು ಆಲ್ಬಮ್ ಕೊಡಬೇಕು. 1995ರ ಅಕ್ಟೋಬರ್‌ನಲ್ಲಿ ಹೊರಗೆ ಬಂದ.

ಅಡ್ವಾನ್ಸ್ ಅಂದ್ರೆ ಉಡುಗೊರೆ ಅಲ್ಲ. ರೆಕಾರ್ಡ್ ಕಂಪನಿಗಳಲ್ಲಿ ಸಾಮಾನ್ಯವಾಗಿ ಅಡ್ವಾನ್ಸ್, ಸ್ಟುಡಿಯೋ ಖರ್ಚು, ವಿಡಿಯೋ ಖರ್ಚು ಇದನ್ನೆಲ್ಲಾ ಕಲಾವಿದನ ರಾಯಲ್ಟಿಯಿಂದ ಮುರಿದುಕೊಳ್ತಾರೆ. ಅದು ತೀರೋವರೆಗೂ ಅವನಿಗೆ ರಾಯಲ್ಟಿ ಕೈಗೆ ಬರಲ್ಲ. ಜೈಲಲ್ಲಿ ಕೂತವನಿಗೆ ಚೌಕಾಸಿ ಮಾಡೋಕೆ ಎಷ್ಟು ಜಾಗ ಇರುತ್ತೆ, ನೀವೇ ಯೋಚನೆ ಮಾಡಿ.

ಹೊರಗೆ ಬಂದವನು ಹುಚ್ಚನ ಥರ ಕೆಲಸ ಮಾಡಿದ. ಡಿಸೆಂಬರ್ ಕೊನೆಗೆ ‘ಕ್ಯಾಲಿಫೋರ್ನಿಯಾ ಲವ್’. 1996ರ ಫೆಬ್ರವರಿ 13ರಂದು ಎರಡು ಡಿಸ್ಕಿನ ‘ಆಲ್ ಐಸ್ ಆನ್ ಮಿ’. ಜೂನ್‌ನಲ್ಲಿ ‘ಹಿಟ್ ಎಮ್ ಅಪ್’, ಬಿ.ಐ.ಜಿ. ಮೇಲೆ ನೇರ ದಾಳಿ. ಅದು ಯಾವ ಸ್ಟುಡಿಯೋ ಆಲ್ಬಮ್‌ನಲ್ಲೂ ಇರಲಿಲ್ಲ, ಒಂದು ಸಿಂಗಲ್‌ನ ಬಿ ಸೈಡ್ ಆಗಿತ್ತು. ಸೆಪ್ಟೆಂಬರ್ 7ರ ರಾತ್ರಿ ಲಾಸ್ ವೇಗಸ್‌ನಲ್ಲಿ ಗುಂಡು ಬಿತ್ತು, 13ಕ್ಕೆ ತೀರಿಕೊಂಡ. ನವೆಂಬರ್‌ನಲ್ಲಿ ಮಕವೆಲಿ ಅನ್ನೋ ಹೆಸರಲ್ಲಿ ಕೊನೇ ಆಲ್ಬಮ್ ಬಂತು.

ಈಗ ಲೆಕ್ಕ ಹಾಕಿ. 25ರಲ್ಲಿ ನಾಲ್ಕು ಅಲ್ಲಿವರೆಗೂ ಬಿಡುಗಡೆಯಾಗದ ಹಾಡುಗಳು. ಉಳಿದ 21ರಲ್ಲಿ:
‘ಕ್ಯಾಲಿಫೋರ್ನಿಯಾ ಲವ್’ ಸೇರಿ ‘ಆಲ್ ಐಸ್ ಆನ್ ಮಿ’ ಕಾಲದ್ದು 8
ಮಕವೆಲಿ ಆಲ್ಬಮ್ಮಿನದು 3
‘ಹಿಟ್ ಎಮ್ ಅಪ್’ 1
ಒಟ್ಟು 12.

ಅಂದ್ರೆ ಅರ್ಧಕ್ಕಿಂತ ಜಾಸ್ತಿ ಡೆತ್ ರೋ ಜೊತೆಗಿದ್ದ ಹನ್ನೊಂದೇ ತಿಂಗಳಿಂದ. ಅದಕ್ಕೆ ಮುಂಚಿನ ನಾಲ್ಕು ವರ್ಷಕ್ಕೆ ಸಿಕ್ಕಿರೋದು 9. ನಮ್ಮ ತಲೆಯಲ್ಲಿರೋ ಸಿಟ್ಟಿನ, ಬಂಗಾರದ ಚೈನಿನ ಟೂಪಾಕ್ ಯಾಕೆ ಅಷ್ಟು ದೊಡ್ಡದಾಗಿ ಕಾಣ್ತಾನೆ ಅಂದ್ರೆ ಇದಕ್ಕೇ. ಅವನ ಬದುಕಿನಲ್ಲಿ ಅದು ಒಂದು ವರ್ಷವೂ ಪೂರ್ತಿ ಇಲ್ಲ.

ಭಾಗ 6/8: ಈ ಆಲ್ಬಮ್ ಮಾಡಿದ್ದು ಯಾರು?

ಟೂಪಾಕ್ ಅಂತೂ ಅಲ್ಲ. ಹಾಡು ಅವನದು, ಆಯ್ಕೆ ಅವನದಲ್ಲ.

ಅವನು ಬಿಟ್ಟು ಹೋದದ್ದರಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ಮನೆ ಅಲ್ಲ, ಕಾರಲ್ಲ. ರೆಕಾರ್ಡ್ ಮಾಡಿ ಹೊರಗೆ ಬಿಡದೇ ಇದ್ದ ಟೇಪುಗಳು. ಹಾಡಿನ ವ್ಯಾಪಾರದಲ್ಲಿ ಎರಡು ಬೇರೆ ಬೇರೆ ಆಸ್ತಿ ಇರುತ್ತೆ. ಬರೆದ ಸಾಹಿತ್ಯ ಮತ್ತು ಸಂಗೀತದ ಹಕ್ಕು ಒಂದು. ಸ್ಟುಡಿಯೋದಲ್ಲಿ ದಾಖಲಾದ ಧ್ವನಿಯ ಹಕ್ಕು, ಅಂದ್ರೆ ಮಾಸ್ಟರ್, ಇನ್ನೊಂದು. ಮಾಸ್ಟರ್ ಸಾಮಾನ್ಯವಾಗಿ ದುಡ್ಡು ಹಾಕಿದ ಕಂಪನಿ ಹತ್ರ ಇರುತ್ತೆ. ಹಾಡು ನಂದೇ ಅಂತ ಹಾಡಿದವನು ಅಂದುಕೊಂಡರೂ ಕಾಗದದ ಮೇಲೆ ಮಾಲೀಕ ಬೇರೆ.

ಅಫೇನಿ ಆಗ ಚಟ ಬಿಟ್ಟು ಗಟ್ಟಿಯಾಗಿದ್ದರು. 1971ರಲ್ಲಿ ತಮ್ಮ ಕೇಸನ್ನ ತಾವೇ ವಾದಿಸಿದ ಹೆಂಗಸು, 1997ರಲ್ಲಿ ಮಗನ ಧ್ವನಿಗಾಗಿ ಡೆತ್ ರೋ ವಿರುದ್ಧ ಕೋರ್ಟಿಗೆ ಹೋದರು. ‘ಅಮಾರು’ ಅನ್ನೋ ತಮ್ಮದೇ ಸಂಸ್ಥೆ ಶುರು ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಹಳೇ ಟೇಪುಗಳಿಂದ ಒಂದು ಡಬಲ್ ಆಲ್ಬಮ್ ಹೊರತಂದರು. ಅದರ ಮುಂದಿನ ವರ್ಷ ‘ಗ್ರೇಟೆಸ್ಟ್ ಹಿಟ್ಸ್’. ಇದರ ಮೇಲೆ ಅಮಾರು, ಡೆತ್ ರೋ, ಇಂಟರ್‌ಸ್ಕೋಪ್ ಮೂರೂ ಹೆಸರಿದೆ. ನಿನ್ನೆ ಕೋರ್ಟಲ್ಲಿ ಎದುರುಬದುರು ಇದ್ದವರು ಇವತ್ತು ಒಂದೇ ಕವರ್ ಮೇಲೆ.

ಅದಕ್ಕೇ ಈ ಆಲ್ಬಮ್ ಎಲ್ಲಾ ಕಾಲದ ಹಾಡನ್ನೂ ಒಟ್ಟಿಗೆ ಕೊಡೋಕಾಯ್ತು. ಅಮ್ಮನ ಹಾಡೂ ಇದೆ, ಕಂಪನಿಯ ಹಿಟ್ಟೂ ಇದೆ. ಕೇಳೋರು ಸ್ಕಿಪ್ ಮಾಡಬಾರದು ಅಂತ ಮೂಡ್ ಬದಲಾಯಿಸುತ್ತಾ ಜೋಡಿಸಿದ್ದಾರೆ. ನಮ್ಮ ಮನೆಗಳಲ್ಲಿದ್ದ ಅಣ್ಣಾವ್ರ ಹಿಟ್ಸ್ ಕ್ಯಾಸೆಟ್ಟುಗಳೂ ಹಾಗೇ ತಾನೇ? ಕಪ್ಪು ಬಿಳುಪು ಕಾಲದ ಭಕ್ತಿಗೀತೆ ಆದ ಮೇಲೆ ಕಲರ್ ಕಾಲದ ಡ್ಯುಯೆಟ್. ಮಾರೋಕೆ ಅದು ಸರಿ. ಒಬ್ಬ ಮನುಷ್ಯ ಹೇಗೆ ಬದಲಾದ ಅಂತ ತಿಳ್ಕೊಳ್ಳೋಕೆ ಸಾಲದು.

ಭಾಗ 7/8: ‘ಚೇಂಜಸ್’, ಆರು ವರ್ಷ ತಡವಾಗಿ ಬಂದ ಹಾಡು

ನಾಲ್ಕು ಹೊಸ ಹಾಡು ಇತ್ತು ಅಂದೆನಲ್ಲ. ‘ಗಾಡ್ ಬ್ಲೆಸ್ ದ ಡೆಡ್’, ‘ಅನ್‌ಕಂಡೀಷನಲ್ ಲವ್’, ‘ಟ್ರಬಲ್‌ಸಮ್ 96’. ನಾಲ್ಕನೇದು ‘ಚೇಂಜಸ್’.

ಇವತ್ತು ಟೂಪಾಕ್ ಅಂದ್ರೆ ಮೊದಲು ನೆನಪಾಗೋ ಹಾಡುಗಳಲ್ಲಿ ಇದೂ ಒಂದು. ಆದ್ರೆ ಬದುಕಿದ್ದಾಗ ಅವನು ಇದನ್ನ ಹಾಡಾಗಿ ಬಿಡುಗಡೆ ಮಾಡಲೇ ಇಲ್ಲ. ಧ್ವನಿ ರೆಕಾರ್ಡ್ ಆಗಿದ್ದು 1992ರಲ್ಲಿ. ಪಿಯಾನೋ ಟ್ಯೂನ್ ಬ್ರೂಸ್ ಹಾರ್ನ್ಸ್‌ಬಿಯ 1986ರ ‘ದ ವೇ ಇಟ್ ಈಸ್’ ಹಾಡಿಂದ ಬಂದದ್ದು. ಅದೂ ವರ್ಣಭೇದದ ಬಗ್ಗೆಯೇ ಇದ್ದ ಹಾಡು. ಇದೇ ಸಾಲುಗಳಲ್ಲಿ ಕೆಲವನ್ನ ಟೂಪಾಕ್ ಬೇರೊಂದು ಹಾಡಿಗೂ ಬಳಸಿದ್ದ. 1998ರಲ್ಲಿ ಹಳೇ ಧ್ವನಿಯನ್ನ ತಗೊಂಡು, ಟ್ಯಾಲೆಂಟ್ ಅನ್ನೋ ತಂಡದವರಿಂದ ಪಲ್ಲವಿ ಹಾಡಿಸಿ, ಹೊಸದಾಗಿ ಕಟ್ಟಿದರು.

ತಾರೀಖು ಇಲ್ಲಿ ಎಷ್ಟು ಮುಖ್ಯ ನೋಡಿ. 1998ರ ಹಾಡು ಅಂತ ಕೇಳಿದರೆ ಸತ್ತವನು ಮೇಲಿಂದ ಬುದ್ಧಿ ಹೇಳ್ತಿದ್ದಾನೆ ಅನ್ನಿಸುತ್ತೆ. ಪ್ರವಾದಿ ಥರ. 1992ರ ಹಾಡು ಅಂತ ಕೇಳಿ ನೋಡಿ. ರಾಡ್ನಿ ಕಿಂಗ್‌ನನ್ನ ಹೊಡೆದ ಪೊಲೀಸರ ಬಿಡುಗಡೆ, ಏಪ್ರಿಲ್ ಕೊನೆಯಲ್ಲಿ ಲಾಸ್ ಏಂಜಲೀಸ್ ಗಲಭೆ, ಉಪಾಧ್ಯಕ್ಷರ ಟೀಕೆ. ಎಲ್ಲಾ ಅದೇ ವರ್ಷದ್ದು. ಹಾಡಿದವನು ಪ್ರವಾದಿ ಅಲ್ಲ, ಪೇಪರ್ ಓದ್ತಿದ್ದ ಇಪ್ಪತ್ತರ ಆಸುಪಾಸಿನ ಹುಡುಗ. ಪೊಲೀಸ್, ಬಡತನ, ಡ್ರಗ್ಸ್ ಬಗ್ಗೆ ಹೇಳಿ, ಮೊದಲು ನಾವು ಬದಲಾಗೋಣ ಅಂತ ತನ್ನ ಜನಕ್ಕೇ ಹೇಳ್ತಾನೆ. ಕಪ್ಪು ಅಧ್ಯಕ್ಷನನ್ನ ನೋಡೋಕೆ ದೇಶ ಇನ್ನೂ ತಯಾರಿಲ್ಲ ಅನ್ನೋ ಅರ್ಥದ ಮಾತೂ ಅದರಲ್ಲಿದೆ. ಹದಿನಾರು ವರ್ಷ ಆದ ಮೇಲೆ, 2008ರಲ್ಲಿ, ಒಬಾಮಾ ಗೆದ್ದರು. ಆ ಒಂದು ಮಾತು ಹಳೇದಾಯ್ತು. ಪೊಲೀಸ್ ಬಗ್ಗೆ ಹೇಳಿದ್ದು ಹಳೇದಾಗಲಿಲ್ಲ: 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತದ್ದು ಒಬ್ಬ ಪೊಲೀಸನ ಮೊಣಕಾಲಿನ ಕೆಳಗೆ.

2000ದ ಗ್ರ್ಯಾಮಿಗೆ ಈ ಹಾಡು ನಾಮಿನೇಟ್ ಆಯ್ತು. ಪ್ರಶಸ್ತಿ ಹೋಗಿದ್ದು ಎಮಿನೆಮ್‌ಗೆ. ಟೂಪಾಕ್ ಬದುಕಿದ್ದಾಗಲೂ ಗ್ರ್ಯಾಮಿ ಗೆಲ್ಲಲಿಲ್ಲ, ಸತ್ತ ಮೇಲೂ ಗೆಲ್ಲಲಿಲ್ಲ.

ಭಾಗ 8/8: ಹೀಗೆ ಕೇಳಿ

2011ರಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ಗೆ ಅಮೆರಿಕದಲ್ಲಿ ಡೈಮಂಡ್ ಸರ್ಟಿಫಿಕೇಟ್ ಸಿಕ್ತು, ಅಂದ್ರೆ ಒಂದು ಕೋಟಿ ಯೂನಿಟ್. ಇಲ್ಲೂ ಒಂದು ಲೆಕ್ಕದ ವಿಷಯ ಇದೆ. ಎರಡು ಸಿಡಿಯ ಸೆಟ್ 100 ನಿಮಿಷ ದಾಟಿದರೆ ಅಲ್ಲಿನ ನಿಯಮದ ಪ್ರಕಾರ ಒಂದೊಂದು ಸಿಡಿಯನ್ನೂ ಬೇರೆ ಬೇರೆ ಎಣಿಸ್ತಾರೆ. ಹಾಗಾಗಿ ಒಂದು ಕೋಟಿ ಅಂದ್ರೆ 50 ಲಕ್ಷ ಸೆಟ್. ಸಣ್ಣ ಸಂಖ್ಯೆ ಏನಲ್ಲ. ಆದ್ರೆ ದೊಡ್ಡ ಅಂಕಿ ಕಂಡಾಗ ಹೇಗೆ ಎಣಿಸಿದರು ಅಂತ ಕೇಳೋದು ನಮ್ಮ ಕೋರ್ಸ್ ಕಲಿಸಿದ ಒಳ್ಳೇ ಅಭ್ಯಾಸ.

ಈಗ ನಿಮ್ಮ ಆ್ಯಪ್‌ನಲ್ಲಿ ಈ ಕ್ರಮದಲ್ಲಿ ಒಂದು ಪ್ಲೇಲಿಸ್ಟ್ ಮಾಡಿ. ಅರ್ಧ ಗಂಟೆ ಸಾಕು.

1991: ಟ್ರ್ಯಾಪ್ಡ್, ಬ್ರೆಂಡಾಸ್ ಗಾಟ್ ಎ ಬೇಬಿ
1992: ಚೇಂಜಸ್
1993: ಕೀಪ್ ಯಾ ಹೆಡ್ ಅಪ್
1995: ಡಿಯರ್ ಮಾಮಾ
1996: ಹಿಟ್ ಎಮ್ ಅಪ್

ಆರೇ ಹಾಡು. ಮೊದಲ ಮೂರರಲ್ಲಿ ಬೇರೆಯವರ ನೋವಿನ ಬಗ್ಗೆ ಮಾತಾಡೋ ಹುಡುಗ ಇದ್ದಾನೆ. ನಾಲ್ಕನೇದು ಕೇಳುವಾಗ ಆ ನವೆಂಬರ್ ನೆನಪಿರಲಿ. ಐದನೇದರಲ್ಲಿ ಸುಸ್ತಾದ ಮಗ. ಆರನೇದರಲ್ಲಿ ಯಾರನ್ನೂ ನಂಬದವನು. ಮಧ್ಯದಲ್ಲಿ ಗುಂಡು, ಕೋರ್ಟು, ಜೈಲು, ಸಾಲ ಇದೆ. ಹಿಟ್ಸ್ ಆಲ್ಬಮ್‌ನಲ್ಲಿ ಈ ಆರು ಜನರೂ ಒಂದೇ ದಿನ ಹುಟ್ಟಿದವರ ಥರ ಪಕ್ಕಪಕ್ಕ ನಿಂತಿದ್ದಾರೆ. ತಾರೀಖು ಹಾಕಿದಾಗ ಒಬ್ಬನೇ ಮನುಷ್ಯ ಐದು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದ ಅಂತ ಕೇಳಿಸುತ್ತೆ. ಅವನನ್ನ ಪೂಜೆ ಮಾಡೋದೂ ಬೇಡ, ಕಸ ಅಂತ ಎಸೆಯೋದೂ ಬೇಡ ಅನ್ನಿಸುತ್ತೆ.

ಬಿ.ಐ.ಜಿ.ಯನ್ನ 1997ರ ಮಾರ್ಚ್ 9ರಂದು ಕೊಂದರು. ಅವನಿಗೆ 24. ಆ ಇಬ್ಬರ ಜಗಳವನ್ನ ಮೀಮ್ ಮಾಡಿ ಶೇರ್ ಮಾಡೋ ಮುಂಚೆ ಇಬ್ಬರ ವಯಸ್ಸನ್ನ ಒಂದು ಸಲ ನೋಡಿ. ನಮ್ಮ ಸೀನಿಯರ್‌ಗಳ ವಯಸ್ಸು.

ಅಫೇನಿ 2016ರಲ್ಲಿ ತೀರಿಕೊಂಡರು. ಟೂಪಾಕ್ ಕೊಲೆ ಕೇಸಲ್ಲಿ ಮೊದಲ ಅರೆಸ್ಟ್ ಆಗಿದ್ದು 2023ರ ಸೆಪ್ಟೆಂಬರ್‌ನಲ್ಲಿ, 27 ವರ್ಷ ಆದ ಮೇಲೆ.

ಪ್ಲೇಲಿಸ್ಟ್ ಕೇಳಿದವರು ಯಾವ ವರ್ಷದ ಟೂಪಾಕ್ ನಿಮಗೆ ಹತ್ತಿರ ಅನ್ನಿಸಿದ ಅಂತ ಕೆಳಗೆ ಬರೀರಿ. ಸುಮ್ನೆ ಬೆಂಕಿ ಇಮೋಜಿ ಹಾಕಿ ಹೋಗಬೇಡಿ, ಒಂದು ಸಾಲಾದ್ರೂ ಬರೀರಿ. ಇಂಟರ್ನಲ್ಸ್ ಮುಗಿದ ಮೇಲೆ ಮುಂದಿನ ಸೀರೀಸ್.

#ಟೂಪಾಕ್ #ಗ್ರೇಟೆಸ್ಟ್‌ಹಿಟ್ಸ್ #ರ‍್ಯಾಪ್‌ಇತಿಹಾಸ #ಕನ್ನಡದಲ್ಲಿಓದಿ